ಹನ್ನೆರಡಾಳು

ನೌಬಾದಿನ ಹೊಲಗಳ ನಡುವೆ
ನೆಲಕ್ಕೆ ಬಾಯಿಗಳಿವೆ, ಸಾಲಾಗಿ.
ಕೆಳಗೆ ಸುರಂಗ. ಸುರಂಗದೊಳಗೆ
ಬಹಮನಿ ಕಾಲದವರು ಕೈ ಹಿಡಿದು ನಡೆಸಿದ ನೀರು.
ಹೂಳು ತೆಗೆಯುವ ಗುತ್ತಿಗೆ ಆ ಬೇಸಿಗೆ
ನಮ್ಮಪ್ಪ ಘಾಳೆಪ್ಪನ ಗ್ಯಾಂಗಿಗೆ ಬಂತು.

ಇಳಿಯುವ ಮೊದಲು ಅಪ್ಪ ಟೇಪು ಹಿಡಿಯುತ್ತಿರಲಿಲ್ಲ.
ಒಂದು ಕೆಂಪು ಕಲ್ಲು ಆರಿಸಿ,
ಹತ್ತಿದ ಮಣ್ಣು ಅಂಗಿಗೆ ಒರೆಸಿ,
ಕೈ ಚಾಚಿ ಬೆರಳು ಬಿಚ್ಚುತ್ತಿದ್ದ.
ಎಸೆಯುತ್ತಿರಲಿಲ್ಲ. ಬರೀ ಬಿಚ್ಚುತ್ತಿದ್ದ.
"ದಬ್ಬಬ್ಯಾಡ ಸುಗಂಧಾ, ಅದಕ್ಕ ಹಾದಿ ಗೊತ್ತದ."

ಒಂದು ಎಣಿಸುವುದರೊಳಗೆ ದುಡುಂ ಅಂದರೆ ಮೂರಾಳು.
ಎರಡಕ್ಕೆ ಹನ್ನೆರಡು.
ಮೂರಕ್ಕೆ ಇಪ್ಪತ್ತೇಳು. ಅಂಥ ಬಾವಿ
ತಾನು ನೋಡಿದ್ದು ಒಂದೇ ಅನ್ನುತ್ತಿದ್ದ,
ಹುಮನಾಬಾದಿನ ಆಚೆ.

ಮೂರು, ಆರು, ಒಂಬತ್ತು ಆಗಬೇಕಲ್ಲ ಅಂತ
ನಾಕನೇ ಕ್ಲಾಸಿನ ನನ್ನ ಮಗ್ಗಿ ಜಗಳಕ್ಕೆ ನಿಂತಿತು.
ಅಪ್ಪ ಬೀಡಿ ಕಚ್ಚಿಕೊಂಡೇ ಹೇಳಿದ:
"ಬೀಳೂದು ಅದಕ್ಕ ರೂಢಿ ಆಗ್ತದವ್ವಾ.
ಮೊದಲನೇ ಆಳಿನ್ಯಾಗ ಅನುಮಾನ ಮಾಡ್ತದ,
ಹತ್ತನೇದರಾಗ ತವರಿಗಿ ಹೊಂಟಂಗ ಓಡ್ತದ."

ಗುಂಡುಕಲ್ಲೇ ಮೊದಲು ಮುಟ್ಟುತ್ತದೆ ಅಂತ
ಮೈನೋದ್ದೀನ್ ಕಾಕಾ ನಾಕಾಣೆ ಕಟ್ಟಿದ.
ತೆಂಗಿನಕಾಯಿಯಷ್ಟು ಒಂದು, ಬಾರಿಹಣ್ಣಿನಷ್ಟು ಒಂದು,
ಎರಡೂ ಕೈ ಒಟ್ಟಿಗೆ ತೆರೆದ.
ಬಂದದ್ದು ಒಂದೇ ಸಪ್ಪಳ.
ಎರಡನೇದು ಎಲ್ಲಿ ಉಳೀತು ಅಂತ
ಕಾಕಾ ಬಗ್ಗಿ ಬಗ್ಗಿ ನೋಡಿದ.
ಆಮೇಲೆ ನಾನೊಂದು ಬೇವಿನೆಲೆ ಬಿಟ್ಟೆ.
ಅದು ಗಾಳಿಯ ಮೆಟ್ಟಿಲು ಮೆಟ್ಟಿಲಿಗೂ ಕೂತು,
ದಣಿವಾರಿಸಿಕೊಂಡು, ಕತ್ತಲೆಗೆ ಇಳಿಯಿತು.
ಎಣಿಕೆ ಎಲ್ಲೋ ತಪ್ಪಿಹೋಯಿತು.

ನನ್ನ ಕೆಲಸ ಬಾಯಿ ಕಾಯುವುದು.
ಬುಟ್ಟಿ ತಪ್ಪಿದರೆ, ಅಂಚಿನ ಹೆಂಟೆ ಜಾರಿದರೆ
"ಸರೀಽಽ" ಅಂತ ಕೂಗುವುದು.
ದಿನಕ್ಕೆ ಎರಡು ರೂಪಾಯಿ, ಮತ್ತು ಚಹಾ.

ನೀರು ಬಸಿದು ಮುಗಿದ ದಿನ, ಊಟದ ಮೇಲೆ,
ಕೈಗಿನ್ನೂ ಶೇಂಗಾ ಹಿಂಡಿಯ ಎಣ್ಣೆ.
ಹಾರೆ ಕಳಿಸು ಅಂದ ಅಪ್ಪ, ಕೆಳಗಿನಿಂದ.
ಹಗ್ಗದ ಗಂಟಿಗೆ ಇನ್ನೊಂದು ಸುತ್ತು ಬೇಕಿತ್ತು.

ನಾನು ಬೆರಳು ಬಿಚ್ಚಲಿಲ್ಲ.
ಬಿಚ್ಚಿಕೊಂಡವು.

ಏನು ಕೂಗಿದೆನೋ ನೆನಪಿಲ್ಲ.
ಕೂಗು ಹಾರೆಯ ಬೆನ್ನಿಗೆ ಹೊರಟು
ಅದಕ್ಕಿಂತ ಮೊದಲು ಮುಟ್ಟಿತು, ಅಷ್ಟೇ.
ಕಬ್ಬಿಣ ಮೊದಲನೇ ಆಳಿನಲ್ಲಿ
ಇನ್ನೂ ಅನುಮಾನ ಮಾಡುತ್ತಿದ್ದಾಗ
ನನ್ನ ದನಿ ಅದನ್ನು ದಾಟಿ ಅಪ್ಪನ ಕಿವಿಯಲ್ಲಿತ್ತು.

ಒಂದು.

ಕೆಳಗೆ ಯಾರಿದ್ದಾರೆ ಅಂತ
ನೆಲ ಯಾವತ್ತೂ ಕೇಳಿಲ್ಲ.
ಗುಂಡನ್ನೂ ಬಾರಿಹಣ್ಣನ್ನೂ ಕರೆದ ಹಾಗೇ
ಹಾರೆಯನ್ನೂ ಕರೆಯುತ್ತಿತ್ತು,
ಸಿಟ್ಟಿಲ್ಲದೆ, ಅವಸರ ಮಾತ್ರ ಹೆಚ್ಚಿಸುತ್ತ.

ಎರಡು.

ಖಣ್ ಅಂತು.
ಹಾಸುಗಲ್ಲಿಗೆ ಕಬ್ಬಿಣ ಬಡಿದ ಸಪ್ಪಳ.
ಮೆತ್ತಗಿನದಕ್ಕೆ ಬಡಿದದ್ದಲ್ಲ.
ಅಷ್ಟು ಚಂದದ ಸಪ್ಪಳ ನಾನು ಮತ್ತೆ ಕೇಳಿಲ್ಲ.

ತುಸು ಹೊತ್ತಿಗೆ ಕತ್ತಲೆಯೊಳಗಿಂದ ಅಪ್ಪ:
"ಎಷ್ಟು ಬಂತಽ?"
"ಎರಡು," ಅಂದೆ, ಹಲ್ಲಿಗೆ ಹಲ್ಲು ಕಟಕಟಿಸುತ್ತ.
"ಹನ್ನೆರಡಾಳು. ಬರೋಬ್ಬರಿ ಅದ.
ಈಗ ಬುಟ್ಟಿ ಬಿಡು."

ಸಂಜೆ ಮೇಲೆ ಬಂದಾಗ ಅಂಗಿಯ ಎಡತೋಳು
ಉದ್ದಕ್ಕೆ ಸೀಳಿತ್ತು,
ದರ್ಜಿ ಅಳತೆ ಹಿಡಿದು ಕತ್ತರಿಸಿದ ಹಾಗೆ.
ಗೋಡೆ ತರಚಿತು ಅಂದ ಅವ್ವನಿಗೆ.
ಅವ್ವ ಸೂಜಿಗೆ ದಾರ ಪೋಣಿಸುತ್ತ
ನನ್ನನ್ನೇ ನೋಡಿದಳು.

ಈಗ ಆ ಬಾಯಿಗೆ ಜಾಲರಿ ಹಾಕಿದ್ದಾರೆ.
ಅಪ್ಪ ಇಲ್ಲ. ಕಾಕಾ ಕಟ್ಟಿದ ನಾಕಾಣೆ ಚಲಾವಣೆಯಲ್ಲಿಲ್ಲ.
ಮಗಳ ಪುಸ್ತಕದಲ್ಲಿ ಒಂದು ಅಂಕಿ ಇದೆ,
ಒಂಬತ್ತು ಪಾಯಿಂಟ್ ಎಂಟು.
ಸರಿಯೇ ಇರಬೇಕು.

ಹಾದಿಯಲ್ಲಿ ಹೋಗುವಾಗ ಒಮ್ಮೊಮ್ಮೆ ನಿಲ್ಲುತ್ತೇನೆ.
ಸಣ್ಣ ಕೆಂಪು ಕಲ್ಲೊಂದನ್ನು ಸೆರಗಿಗೆ ಒರೆಸಿ
ಜಾಲರಿಯ ಕಣ್ಣಿನಲ್ಲಿ ಹಿಡಿದು, ಬಿಡುತ್ತೇನೆ.
ಒಂದು ಅನ್ನುತ್ತೇನೆ.
ಎರಡು ಅನ್ನುವ ಮೊದಲೇ
ಬಾಯಿಗೆ ತಾನಾಗಿ ಬಂದುಬಿಡುತ್ತದೆ,

"ಸರೀಽಽ"